ಇಬ್ಬರೂ ಹೋಗಿ ನೆಲೆಸಬೇಕು ಅಂದರೆ: ನಮ್ಮ ಕಡೆಯ ದಂಪತಿಗಳಿಗೆ ಕೆಲಸದ ವೀಸಾ ದಾರಿ

ಪ್ರತಿ ಸಲ ರಜೆಗೆ ಸಿಂಧನೂರಿಗೆ ಬಂದಾಗ ಯಾರಾದರೂ ಒಂದು ಜೋಡಿ ಮನೆಗೆ ಬಂದು ಕೂರುತ್ತದೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲ್. ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮಾತು ಅಲ್ಲಿಗೇ ಬರುತ್ತದೆ. "ಅಕ್ಕಾ, ಇವರಿಗೆ ಅಲ್ಲಿ ಕೆಲಸ ಸಿಗ್ತದಂತ್ರಿ. ನಾನು ಆಮ್ಯಾಲ ಹೋಗಬಹುದಲ್ರಿ?"

ಆ "ಆಮ್ಯಾಲ" ಅನ್ನುವ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಒಬ್ಬರು ಹೋಗಿ, ಇನ್ನೊಬ್ಬರು ಇಲ್ಲೇ ಎರಡು ಮೂರು ವರ್ಷ ಕಾದ ಮನೆಗಳನ್ನು ನೋಡಿದ್ದೇನೆ. ಹೋದ ಮೇಲೂ ಕೆಲಸ ಮಾಡುವ ಹಕ್ಕಿಲ್ಲದೆ ನಾಲ್ಕು ಗೋಡೆಯೊಳಗೆ ಕೂತ ಹೆಣ್ಣುಮಕ್ಕಳನ್ನೂ ನೋಡಿದ್ದೇನೆ.

ನನ್ನ ತವರು ಬಳ್ಳಾರಿ, ಗಂಡನ ಮನೆ ಸಿಂಧನೂರು. ನಾನು ನರ್ಸ್. ನಮ್ಮ ಯಜಮಾನರು ಮೆಕ್ಯಾನಿಕಲ್ ಇಂಜಿನಿಯರ್, ತೋರಣಗಲ್ಲು ಕಡೆಯ ಕಾರ್ಖಾನೆಯೊಂದರಲ್ಲಿ ಇದ್ದರು. ಈಗ ಜರ್ಮನಿಯಲ್ಲಿ ಇದ್ದೇವೆ. ಅವರು ಮೊದಲು ಹೋದರು, ನಾನು ಹನ್ನೊಂದು ತಿಂಗಳು ತಡವಾಗಿ ಹೋದೆ. ಸರಿಯಾಗಿ ಗೊತ್ತಿದ್ದರೆ ಆ ಹನ್ನೊಂದು ತಿಂಗಳು ಬೇಕಾಗಿರಲಿಲ್ಲ. ಮನೆಗೆ ಬಂದವರಿಗೆಲ್ಲ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವೀಸಾ ಒಬ್ಬರ ಹೆಸರಲ್ಲಿ ಬಂದರೂ ಲೆಕ್ಕ ಇಬ್ಬರದೂ ಹಾಕಬೇಕು, ಅದೂ ಮೊದಲ ದಿನದಿಂದ.

ಮೊದಲ ಹೆಜ್ಜೆ: ಸಂಬಳ ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ

ಯಾವ ದೇಶ ಎಂದು ಯೋಚಿಸುವಾಗ ನಮ್ಮವರು ಮೊದಲು ಕೇಳುವುದು ತಿಂಗಳಿಗೆ ಎಷ್ಟು ಎಂದು. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲನೆಯದು, ಗಂಡ ಅಥವಾ ಹೆಂಡತಿ ಜೊತೆಗೇ ಬರಬಹುದಾ? ಎರಡನೆಯದು, ಜೊತೆಗೆ ಬಂದವರು ಕೆಲಸ ಮಾಡಬಹುದಾ? ಮೂರನೆಯದು, ಈ ವೀಸಾದಿಂದ ಕಾಯಂ ವಾಸಕ್ಕೆ ದಾರಿ ಇದೆಯಾ, ಇದ್ದರೆ ಎಷ್ಟು ವರ್ಷ? ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಸಂಬಳದ ಮಾತು.

ಕೊಲ್ಲಿ ದೇಶಗಳಿಂದ ಶುರು ಮಾಡೋಣ. ನಮ್ಮ ಕಡೆ ಜಾಸ್ತಿ ಜನ ಕೇಳುವುದು ಅದನ್ನೇ. ದುಡಿದು, ಉಳಿಸಿ, ವಾಪಸ್ ಬರುವುದಕ್ಕೆ ಅದು ಒಳ್ಳೆಯ ದಾರಿಯೇ. ಆದರೆ ಅಲ್ಲಿನ ಸಾಮಾನ್ಯ ಕೆಲಸದ ವೀಸಾ ಎಷ್ಟು ವರ್ಷ ಇದ್ದರೂ ತಾನಾಗಿ ಕಾಯಂ ವಾಸವಾಗಿ ಬದಲಾಗುವುದಿಲ್ಲ. ಕೆಲಸ ಇರುವವರೆಗೆ ವೀಸಾ. ಕುಟುಂಬವನ್ನು ಕರೆಸಲೂ ಸಂಬಳದ ಮಿತಿ ಇರುತ್ತದೆ. ಯುಎಇಯಲ್ಲಿ ಅದು ತಿಂಗಳಿಗೆ 4,000 ದಿರ್ಹಾಮ್, ಅಥವಾ 3,000 ದಿರ್ಹಾಮ್ ಜೊತೆಗೆ ಕಂಪನಿ ಕೊಟ್ಟ ವಸತಿ. ಅದಕ್ಕಿಂತ ಕಡಿಮೆ ಸಂಬಳದ ಕೆಲಸಕ್ಕೆ ಹೋದವರಿಗೆ "ಹೆಂಡತಿಯನ್ನು ಆರು ತಿಂಗಳಲ್ಲಿ ಕರೆಸಬಹುದು" ಎಂದು ಏಜೆಂಟ್ ಹೇಳಿದರೆ ನಂಬಬೇಡಿ.

ಬ್ರಿಟನ್ ಬಗ್ಗೆ ಹಳೆಯ ಮಾತುಗಳು ಇನ್ನೂ ಓಡಾಡುತ್ತಿವೆ. ವೃದ್ಧರ ಆರೈಕೆ ಕೆಲಸಕ್ಕೆ, ಅಂದರೆ ಕೇರ್ ವರ್ಕರ್ ಆಗಿ, ಸಾವಿರಾರು ಭಾರತೀಯರು ಹೋದರು. 2024ರ ಮಾರ್ಚ್ 11ರಿಂದ ಆ ವೀಸಾದವರು ಹೊಸದಾಗಿ ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ. 2025ರ ಜುಲೈ 22ರಿಂದ ಹೊರದೇಶದಿಂದ ಆ ಕೆಲಸಕ್ಕೆ ತೆಗೆದುಕೊಳ್ಳುವುದೇ ನಿಂತಿದೆ. ಅದೇ ದಿನದಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್ ಆಗಿದೆ. ಆ ವೀಸಾ ಸಿಕ್ಕರೆ ಸಂಗಾತಿ ಕೆಲಸ ಮಾಡಬಹುದು, ಅದು ಒಳ್ಳೆಯದು. ಆದರೆ ಆರೋಗ್ಯ ಶುಲ್ಕ ಒಬ್ಬ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ವೀಸಾದ ಎಲ್ಲಾ ವರ್ಷಗಳದ್ದನ್ನೂ ಮೊದಲೇ ಕಟ್ಟಬೇಕು. ಇಬ್ಬರಿಗೆ ಮೂರು ವರ್ಷಕ್ಕೆ 6,210 ಪೌಂಡ್ ಆಯಿತು. ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಹೋಗುವ ನರ್ಸ್, ಡಾಕ್ಟರ್‌ಗಳ ಕುಟುಂಬಕ್ಕೆ ಈ ಶುಲ್ಕ ಇಲ್ಲ. ಕಾಯಂ ವಾಸದ ಐದು ವರ್ಷದ ಲೆಕ್ಕವನ್ನು ಹತ್ತಕ್ಕೆ ಏರಿಸುವ ಮಾತನ್ನು ಅಲ್ಲಿನ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲೇ ಬರೆದಿದೆ. ಈಗ ಹೊರಡುವವರು ಹತ್ತು ವರ್ಷ ಎಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಅಮೆರಿಕದ ಕೆಲಸದ ವೀಸಾ ಎಚ್-1ಬಿ, ವರ್ಷಕ್ಕೆ 85,000 ಮಾತ್ರ, ಅದೂ ಲಾಟರಿ. 2025ರ ಸೆಪ್ಟೆಂಬರ್ 21ರಿಂದ ಹೊರಗಿರುವವರಿಗೆ ಹಾಕುವ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಎಂದು ಮಾಡಿದ್ದಾರೆ. ಜೊತೆಗೆ ಹೋದವರಿಗೆ ಸಿಗುವುದು ಎಚ್-4. ಅದರಲ್ಲಿ ಕೂಡಲೇ ಕೆಲಸ ಮಾಡುವಂತಿಲ್ಲ. ಸಂಗಾತಿಯ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ, ಅರ್ಜಿ ಒಂದು ಹಂತ ದಾಟಿದ ಮೇಲೆ ಮಾತ್ರ ಪ್ರತ್ಯೇಕ ಅನುಮತಿ ಕೇಳಬಹುದು. ಉದ್ಯೋಗದ ಗ್ರೀನ್ ಕಾರ್ಡ್‌ನಲ್ಲಿ ಯಾವ ದೇಶಕ್ಕೂ ವರ್ಷಕ್ಕೆ ನೂರಕ್ಕೆ ಏಳಕ್ಕಿಂತ ಜಾಸ್ತಿ ಪಾಲಿಲ್ಲ. ಹಾಗಾಗಿ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷ ದಾಟಿ ನಿಂತಿದೆ. ಕಂಪನಿಯೇ ಕಳಿಸುತ್ತೇನೆ ಅಂದರೆ ಮಾತ್ರ ಇದನ್ನು ನೋಡಿ.

ಕೆನಡಾದಲ್ಲಿ 2025ರ ಜನವರಿ 21ರಿಂದ ಸಂಗಾತಿಯ ಓಪನ್ ವರ್ಕ್ ಪರ್ಮಿಟ್, ಅಂದರೆ ಯಾವ ಮಾಲೀಕರ ಬಳಿಯಾದರೂ ಕೆಲಸ ಮಾಡುವ ಅನುಮತಿ, ಬಿಗಿಯಾಗಿದೆ. ಮೇಲ್ದರ್ಜೆಯ ಕೆಲಸದಲ್ಲಿ ಮತ್ತು ಆಯ್ದ ಕೆಲವು ಕೆಲಸಗಳಲ್ಲಿ ಇರುವವರ ಸಂಗಾತಿಗೆ ಮಾತ್ರ ಅದು ಸಿಗುತ್ತದೆ. "ನೀನು ಡಿಪ್ಲೊಮಾ ಓದು, ಅವರು ಕೆಲಸ ಮಾಡಲಿ" ಎಂಬ ಹಳೆಯ ಉಪಾಯ ಈಗ ನಡೆಯುವುದಿಲ್ಲ. ಓದಲು ಹೋದವರ ಸಂಗಾತಿಗೆ ಬೇಕೆಂದರೆ 16 ತಿಂಗಳು ಅಥವಾ ಅದಕ್ಕಿಂತ ಉದ್ದದ ಸ್ನಾತಕೋತ್ತರ ಕೋರ್ಸ್, ಡಾಕ್ಟರೇಟ್, ಇಲ್ಲವೇ ಕೆಲವು ವೃತ್ತಿಪರ ಕೋರ್ಸ್ ಇರಬೇಕು. ಗಂಗಾವತಿ ಕಡೆ ಈಗಲೂ ಈ ಹಳೆಯ ಮಾತನ್ನೇ ಹೇಳಿ ದುಡ್ಡು ಇಸಿದುಕೊಳ್ಳುವವರಿದ್ದಾರೆ.

ಮಾಲೀಕರು ಸ್ಪಾನ್ಸರ್ ಮಾಡುವ ಆಸ್ಟ್ರೇಲಿಯಾದ 482 ವೀಸಾದಲ್ಲಿ ಸಂಗಾತಿಗೆ ಮೊದಲ ದಿನದಿಂದ ಕೆಲಸದ ಹಕ್ಕಿದೆ. ಸ್ಪಾನ್ಸರ್ ಮಾಡಿದ ಮಾಲೀಕರ ಬಳಿ ಎರಡು ವರ್ಷ ಆದ ಮೇಲೆ ಅವರೇ ಕಾಯಂ ವೀಸಾಕ್ಕೆ ಹೆಸರು ಕೊಡಬಹುದು. ನ್ಯೂಜಿಲೆಂಡ್‌ನಲ್ಲಿ ನೋಂದಾಯಿತ ನರ್ಸ್ ಕೆಲಸ ಹಸಿರು ಪಟ್ಟಿಯ ಮೊದಲ ದರ್ಜೆಯಲ್ಲಿದೆ. ಅಂದರೆ ಅಲ್ಲಿನ ನೋಂದಣಿ ಮತ್ತು ಮಾನ್ಯತೆ ಪಡೆದ ಮಾಲೀಕರ ಕೆಲಸ ಇದ್ದರೆ ನೇರವಾಗಿ ವಾಸದ ಅರ್ಜಿ ಹಾಕಬಹುದು.

ಜರ್ಮನಿ ನಾನು ಬದುಕಿ ನೋಡಿದ್ದು. ಪದವಿ ಇದ್ದವರಿಗೆ ಬ್ಲೂ ಕಾರ್ಡ್ ಎಂಬ ಕೆಲಸದ ಪರ್ಮಿಟ್ ಇದೆ. 2025ರಲ್ಲಿ ಅದರ ಸಂಬಳದ ಮಿತಿ ವರ್ಷಕ್ಕೆ 48,300 ಯೂರೋ ಇತ್ತು. ಜನ ಸಾಕಾಗದ ಕೆಲಸಗಳಿಗೆ ಮತ್ತು ಹೊಸದಾಗಿ ಪದವಿ ಮುಗಿಸಿದವರಿಗೆ 43,759.80 ಯೂರೋ ಇತ್ತು. ಪ್ರತಿ ಜನವರಿಯಲ್ಲಿ ಇದು ಬದಲಾಗುತ್ತದೆ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಜರ್ಮನ್ ಪರೀಕ್ಷೆಯ ಕಡ್ಡಾಯವಿಲ್ಲ, ಬಂದ ದಿನದಿಂದ ಯಾವ ಕೆಲಸ ಬೇಕಾದರೂ ಮಾಡಬಹುದು. ಕಾಯಂ ವಾಸ 27 ತಿಂಗಳಿಗೆ, ಬಿ1 ಮಟ್ಟದ, ಅಂದರೆ ದಿನನಿತ್ಯದ ಮಾತು ನಡೆಸುವಷ್ಟು, ಜರ್ಮನ್ ಬಂದರೆ 21 ತಿಂಗಳಿಗೆ. ಮೂರು ಪ್ರಶ್ನೆಗೂ ಉತ್ತರ ಸಿಕ್ಕಿದ್ದರಿಂದ ನಾವು ಅಲ್ಲಿಗೆ ಹೋದೆವು. ಕೈಗೆ ಬರುವ ಸಂಬಳ ಕೊಲ್ಲಿಯಷ್ಟು ಉಳಿಯುವುದಿಲ್ಲ, ತೆರಿಗೆ ಜಾಸ್ತಿ. ಅದನ್ನು ತಿಳಿದೇ ಹೋದೆವು.

ಎರಡನೇ ಹೆಜ್ಜೆ: ಯಾರ ಹೆಸರು ಮುಂದಿರಬೇಕು?

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಕೇಳುವುದೇ ಇಲ್ಲ. ಗಂಡನ ಹೆಸರು ಎಂದು ಮೊದಲೇ ತೀರ್ಮಾನವಾಗಿರುತ್ತದೆ. ದಯವಿಟ್ಟು ಕೇಳಿ. ರಾಯಚೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ನಾಲ್ಕು ವರ್ಷ ಐಸಿಯುನಲ್ಲಿ ದುಡಿದ ಹೆಣ್ಣುಮಗಳು, ಬಿಕಾಂ ಮಾಡಿ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗಂಡ ಇದ್ದರೆ, ಹೊರದೇಶದ ಬಾಗಿಲು ತೆರೆಯುವುದು ಅವಳ ಹೆಸರಿಗೆ. ಅವನು ಜೊತೆಗೆ ಹೋಗಿ ಕೆಲಸ ಹುಡುಕಬಹುದು. ಹಿರಿಯರಿಗೆ ಇದು ಕಷ್ಟವಾಗುತ್ತದೆ. ನಮ್ಮ ಮಾವನವರಿಗೆ ನಾನು ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದ್ದೆ, ಆಗ ಒಪ್ಪಿದರು.

ಅಂಕ ಕೊಟ್ಟು ಆರಿಸುವ ದೇಶಗಳಲ್ಲಿ ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡಿ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಮ್ಮೆ ಗಂಡನ ಹೆಸರಲ್ಲಿ, ಒಮ್ಮೆ ಹೆಂಡತಿಯ ಹೆಸರಲ್ಲಿ ಹಾಕಿದರೆ ಬರುವ ಅಂಕ ಬೇರೆ ಬೇರೆ. ಜೊತೆಯವರ ಓದು ಮತ್ತು ಭಾಷೆಗೂ ಅಂಕ ಇದೆ. ಆಸ್ಟ್ರೇಲಿಯಾದಲ್ಲಿ ಸಂಗಾತಿಯ ಕೌಶಲ ಪರೀಕ್ಷೆಯೂ ಪಾಸಾಗಿದ್ದರೆ 10 ಅಂಕ, ಬರೀ ಇಂಗ್ಲಿಷ್ ಇದ್ದರೆ 5. ಅಲ್ಲಿ 45 ವಯಸ್ಸಿನ ಮಿತಿಯೂ ಇದೆ. ಇಬ್ಬರಲ್ಲಿ ಒಬ್ಬರು ನಲವತ್ತರ ಹತ್ತಿರ ಇದ್ದರೆ ಚಿಕ್ಕವರ ಹೆಸರನ್ನು ಮುಂದಿಡುವುದು ಜಾಣತನ.

ಮೂರನೇ ಹೆಜ್ಜೆ: ಹೆಸರು, ಮದುವೆ, ಮಾರ್ಕ್ಸ್ ಕಾರ್ಡ್

ಇಲ್ಲಿ ನಿಧಾನವಾಗಿ ಓದಿ. ನಮ್ಮ ಕಡೆಯವರ ಅರ್ಜಿ ಎಡವುವುದು ಇಲ್ಲೇ.

ನಮ್ಮ ಹೆಸರುಗಳ ರೀತಿ ಬೇರೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿದ್ದು, ಪದವಿ ಪತ್ರದಲ್ಲಿ ಇನಿಷಿಯಲ್, ಮದುವೆಯ ನಂತರದ ಬ್ಯಾಂಕ್ ಪುಸ್ತಕದಲ್ಲಿ ಗಂಡನ ಮನೆತನದ ಹೆಸರು. ನಮಗೆ ಇದೆಲ್ಲ ಒಬ್ಬರೇ. ವೀಸಾ ಅಧಿಕಾರಿಗೆ ಇವು ನಾಲ್ಕು ಜನ. ಪಾಸ್‌ಪೋರ್ಟ್ ಮಾಡಿಸುವಾಗಲೇ ಎಸ್ಸೆಸ್ಸೆಲ್ಸಿ ಮತ್ತು ಪದವಿಯಲ್ಲಿ ಇರುವ ಹೆಸರಿಗೆ ಹೊಂದಿಸಿ. ಮದುವೆಯಾದ ಮೇಲೆ ಹೆಸರು ಬದಲಿಸುವ ಕಡ್ಡಾಯ ಯಾರಿಗೂ ಇಲ್ಲ. ಓದಿದ ಹೆಸರನ್ನೇ ಉಳಿಸಿಕೊಂಡು, ಪಾಸ್‌ಪೋರ್ಟ್‌ನಲ್ಲಿ ಸಂಗಾತಿಯ ಹೆಸರು ಸೇರಿಸಿದರೆ ಸಾಕು.

ಇನ್ನೊಂದು ಮಾತು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಅಲ್ಲಿ ಹಾಕಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ಕೊಡುವುದನ್ನು ನಿಲ್ಲಿಸಿತು. ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಹೆಸರು ಗೊತ್ತಿಲ್ಲ, ಎಂದು ಬಂದುಬಿಡುತ್ತದೆ. ಆಮೇಲೆ ಬ್ಯಾಂಕು, ಬಾಡಿಗೆ ಮನೆ, ಲೈಸೆನ್ಸ್ ಎಲ್ಲದರಲ್ಲೂ ಅದೇ ಹೆಸರು ಹಿಂದೆ ಬರುತ್ತದೆ.

36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ತತ್ಕಾಲ್‌ಗೆ ಇನ್ನೂ 2,000 ಸೇರುತ್ತದೆ. ಅಪಾಯಿಂಟ್‌ಮೆಂಟ್ ಹಾಕುವಾಗ ಪೋಸ್ಟ್ ಆಫೀಸ್ ಪಾಸ್‌ಪೋರ್ಟ್ ಕೇಂದ್ರಗಳ ಪಟ್ಟಿಯೂ ಬರುತ್ತದೆ, ಹತ್ತಿರದ್ದನ್ನು ಆರಿಸಿ. ಅಲ್ಲಿ ದಿನ ಸಿಗದಿದ್ದರೆ ಹುಬ್ಬಳ್ಳಿ ಅಥವಾ ಕಲಬುರಗಿ. ಪೊಲೀಸ್ ಕ್ಲಿಯರೆನ್ಸ್ ಕೂಡ ಇದೇ ಪಾಸ್‌ಪೋರ್ಟ್ ಸೇವಾ ತಾಣದಲ್ಲಿ, 500 ರೂಪಾಯಿ. ಅದನ್ನು ಬಹಳ ಮುಂಚೆ ಮಾಡಿಸಬೇಡಿ, ಎಷ್ಟೋ ದೇಶಗಳು ಇತ್ತೀಚಿನದ್ದನ್ನೇ ಕೇಳುತ್ತವೆ. ಮಗು ಇದ್ದರೆ ನೆನಪಿಡಿ, 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದವರಿಗೆ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ.

ಮದುವೆ ನೋಂದಣಿ. ಲಗ್ನಪತ್ರಿಕೆ, ಫೋಟೋ ಆಲ್ಬಂ, ಕಲ್ಯಾಣ ಮಂಟಪದ ರಸೀದಿ ಎಲ್ಲ ಪಕ್ಕದ ಪುರಾವೆಗಳು. ಸಬ್ ರಿಜಿಸ್ಟ್ರಾರ್ ಕೊಟ್ಟ ಪ್ರಮಾಣಪತ್ರ ಬೇಕೇ ಬೇಕು. ನಾವು ಮದುವೆಯಾಗಿ ಎರಡು ವರ್ಷ ನೋಂದಣಿ ಮಾಡಿಸಿರಲಿಲ್ಲ. ಅವರಿಗೆ ವೀಸಾ ಬಂದು, ಟಿಕೆಟ್ ತೆಗೆದ ಮೇಲೆ ನನ್ನ ಅರ್ಜಿಗೆ ಅದು ಬೇಕು ಎಂದು ಗೊತ್ತಾಯಿತು. ನೋಂದಣಿಗೆ ಇಬ್ಬರೂ ಇರಬೇಕು, ಅವರು ಹೋಗಿಬಿಟ್ಟಿದ್ದರು. ಅವರಿಗೆ ರಜೆ ಸಿಗುವವರೆಗೆ ನಾನು ಕಾದೆ. ಮೊದಲೇ ಹೇಳಿದ ಹನ್ನೊಂದು ತಿಂಗಳಲ್ಲಿ ದೊಡ್ಡ ಪಾಲು ಇದು. ಈಗ ಹಿಂದೂ ವಿವಾಹ ನೋಂದಣಿಗೆ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಸ್ಪೆಷಲ್ ಮ್ಯಾರೇಜ್ ಕಾಯ್ದೆಯಲ್ಲಿ ಮಾಡಿಸುವವರಿಗೆ 30 ದಿನದ ನೋಟಿಸ್ ಅವಧಿ ಇದೆ, ಅದನ್ನು ಲೆಕ್ಕದಲ್ಲಿ ಹಿಡಿಯಿರಿ. ಪ್ರಮಾಣಪತ್ರದಲ್ಲಿನ ಹೆಸರು ಪಾಸ್‌ಪೋರ್ಟ್‌ನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕೌಂಟರ್‌ನಲ್ಲೇ ಓದಿ ನೋಡಿ, ಮನೆಗೆ ಬಂದ ಮೇಲೆ ಅಲ್ಲ.

ಕಾಗದದ ಬೆಲೆ ನಮ್ಮ ಸಿಂಧನೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಇಲ್ಲಿನ ಆರ್‌ಎಚ್ ಕ್ಯಾಂಪ್‌ಗಳಲ್ಲಿ ಈಗಿನ ಬಾಂಗ್ಲಾದೇಶದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿವೆ. ಹೊಲ ಉತ್ತರು, ಕನ್ನಡ ಕಲಿತರು, ಆದರೂ ಪೌರತ್ವದ ಕಾಗದಕ್ಕಾಗಿ ದಶಕಗಳ ಕಾಲ ಕಾದರು. ಜರ್ಮನಿಯ ವಲಸೆ ಕಚೇರಿಯ ಸಾಲಿನಲ್ಲಿ ನಿಂತಾಗ ನನಗೆ ಎಷ್ಟೋ ಸಲ ಅವರ ನೆನಪಾಗಿದೆ.

ಓದಿನ ಕಾಗದಗಳನ್ನು ಹೊರಡುವ ಮುಂಚೆಯೇ ತೆಗೆದಿಡಿ. ನರ್ಸಿಂಗ್‌ನವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ (ಎಲ್ಲಾ ವರ್ಷಗಳ ವಿಷಯ, ಅಂಕಗಳ ಅಧಿಕೃತ ಪಟ್ಟಿ), ಓದಿದ ಗಂಟೆಗಳ ವಿವರ ಇರುವ ಸಿಲಬಸ್, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಮತ್ತು ಗುಡ್ ಸ್ಟ್ಯಾಂಡಿಂಗ್ ಪತ್ರ (ನಿಮ್ಮ ಮೇಲೆ ದೂರಿಲ್ಲ ಎಂಬ ಪತ್ರ). ಇಂಜಿನಿಯರುಗಳಿಗೆ ಬೆಳಗಾವಿಯ ವಿಟಿಯುನಿಂದ ಟ್ರಾನ್ಸ್‌ಕ್ರಿಪ್ಟ್ ಮತ್ತು ಪದವಿ ಪತ್ರ. ಬಳ್ಳಾರಿಯ ಕೃಷ್ಣದೇವರಾಯ ವಿವಿ, ಗುಲ್ಬರ್ಗಾ ವಿವಿಯಲ್ಲಿ ಓದಿದವರು ಕಾನ್ವೊಕೇಶನ್ ಸರ್ಟಿಫಿಕೇಟ್ ತೆಗೆದುಕೊಂಡಿದ್ದೀರಾ ನೋಡಿ. ಪ್ರೊವಿಷನಲ್ ಇದೆಯಲ್ಲ ಎಂದು ಎಷ್ಟೋ ಜನ ಸುಮ್ನೆ ಬಿಟ್ಟಿರುತ್ತಾರೆ. ನಾನು "ಗಂಡನ ಜೊತೆ ಹೋಗುತ್ತಿದ್ದೇನೆ, ನನ್ನ ಕಾಗದ ಯಾಕೆ" ಎಂದು ಇವನ್ನೆಲ್ಲ ಬಿಟ್ಟು ಹೋದೆ. ಆಮೇಲೆ ನನ್ನ ತಮ್ಮ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಎಷ್ಟೋ ಸಲ ಬೆಂಗಳೂರಿಗೆ ಓಡಾಡಿದ. ನಾನು ಮತ್ತೆ ನರ್ಸ್ ಆಗಲು ಎರಡು ವರ್ಷ ತಡವಾಯಿತು.

ಅನುಭವ ಪತ್ರವನ್ನು ರಾಜೀನಾಮೆ ಕೊಡುವಾಗಲೇ ಕೇಳಿ. ಯಾವ ವಿಭಾಗ, ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಯಾವ ದಿನದಿಂದ ಯಾವ ದಿನದವರೆಗೆ, ಇಷ್ಟೂ ಇರಬೇಕು. ಪಿಎಫ್ ಪಾಸ್‌ಬುಕ್, ಫಾರ್ಮ್ 16, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಿ. ಜರ್ಮನಿಗೆ ಹೋಗುವವರು ಅನಾಬಿನ್ ಎಂಬ ತಾಣದಲ್ಲಿ ನಿಮ್ಮ ವಿಶ್ವವಿದ್ಯಾಲಯದ ಮುಂದೆ "ಎಚ್ ಪ್ಲಸ್", ಅಂದರೆ ಅಲ್ಲಿ ಮಾನ್ಯತೆ ಇದೆ ಎಂಬ ಗುರುತು, ಇದೆಯಾ ಎಂದು ನೋಡಿಕೊಳ್ಳಿ.

ಇನ್ನು ಅಪೋಸ್ಟಿಲ್. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪುವುದಕ್ಕೆ ಇರುವ ಅಂತರರಾಷ್ಟ್ರೀಯ ಒಪ್ಪಂದದ ಮುದ್ರೆ, ಭಾರತ 2005ರಿಂದ ಅದರಲ್ಲಿದೆ. ಇಲ್ಲಿ ಅದನ್ನು ಹಾಕುವುದು ವಿದೇಶಾಂಗ ಸಚಿವಾಲಯ. ಎಲ್ಲಾ ದೇಶಕ್ಕೂ ಎಲ್ಲಾ ಕಾಗದಕ್ಕೂ ಬೇಕಾಗುವುದಿಲ್ಲ. ನಿಮ್ಮ ದೇಶದ ರಾಯಭಾರ ಕಚೇರಿಯ ಪಟ್ಟಿ ಓದಿ, ಅದರಲ್ಲಿ ಇದ್ದಷ್ಟಕ್ಕೆ ಮಾತ್ರ ಮಾಡಿಸಿ.

ನಾಲ್ಕನೇ ಹೆಜ್ಜೆ: ಭಾಷೆ, ಇಬ್ಬರಿಗೂ

ಇಂಗ್ಲಿಷ್ ದೇಶಗಳಿಗೆ ಐಇಎಲ್‌ಟಿಎಸ್, ನರ್ಸ್‌ಗಳಿಗೆ ಒಇಟಿ (ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆ) ಕೂಡ ನಡೆಯುತ್ತದೆ. ಐಇಎಲ್‌ಟಿಎಸ್ ಅಂಕ ಎರಡು ವರ್ಷ ಮಾತ್ರ ನಿಲ್ಲುತ್ತದೆ. ಹಾಗಾಗಿ ಕಾಗದಗಳು ಕೈಗೆ ಬಂದ ಮೇಲೆ ಪರೀಕ್ಷೆ ಬರೆಯಿರಿ. ಜರ್ಮನಿಯಲ್ಲಿ ನರ್ಸ್ ಆಗಿ ಪೂರ್ತಿ ಮಾನ್ಯತೆ ಬೇಕೆಂದರೆ ಸಾಮಾನ್ಯವಾಗಿ ಬಿ1ಕ್ಕಿಂತ ಒಂದು ಮಟ್ಟ ಮೇಲಿನ ಬಿ2 ಕೇಳುತ್ತಾರೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಇದೆ, ಕಲಿಯುವುದು ಸಿಂಧನೂರಿನಲ್ಲೇ ಕೂತು ಆನ್‌ಲೈನ್‌ನಲ್ಲಿ ಆಗುತ್ತದೆ.

ಸಂಗಾತಿಗೆ ಭಾಷೆ ಕಡ್ಡಾಯವಿಲ್ಲ ಎಂದು ಮೇಲೆ ಬರೆದೆ. ಆದರೂ ಕಲಿತು ಹೋಗಿ. ಅಂಗಡಿ, ಆಸ್ಪತ್ರೆ, ಬಸ್ಸು, ಯಾವುದಕ್ಕೂ ಇನ್ನೊಬ್ಬರನ್ನು ಕಾಯಬೇಕಾದ ಜೀವನ ಮನಸ್ಸನ್ನು ಬಹಳ ಕುಗ್ಗಿಸುತ್ತದೆ. ಮೊದಲ ಚಳಿಗಾಲದಲ್ಲಿ ನಾನು ದಿನಾ ಅತ್ತಿದ್ದೇನೆ. ಭಾಷೆ ಬಂದ ಮೇಲೆ ಅಳು ನಿಂತಿತು.

ಐದನೇ ಹೆಜ್ಜೆ: ಆಫರ್ ಲೆಟರ್ ಮತ್ತು ಏಜೆಂಟ್

ಜರ್ಮನಿಗಿಂತ ಮುಂಚೆ ನಾವು ಇನ್ನೊಂದು ದೇಶಕ್ಕೆ ಪ್ರಯತ್ನಿಸಿ 1 ಲಕ್ಷದ 80 ಸಾವಿರ ಕಳೆದುಕೊಂಡೆವು. ಆಫೀಸು ಚೆನ್ನಾಗಿತ್ತು, ಗೋಡೆ ತುಂಬ ಫೋಟೋ ಇತ್ತು. ಆಫರ್ ಲೆಟರ್ ಬಂತು, ವೀಸಾ ಬರಲಿಲ್ಲ. ಆಮೇಲೆ ಫೋನ್ ಎತ್ತಲಿಲ್ಲ. ಆ ದುಡ್ಡು ಭತ್ತ ಮಾರಿ ಬಂದದ್ದು. ಅತ್ತೆಯವರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಹಾಗಾಗಿ ಈ ಭಾಗವನ್ನು ಕೈಮುಗಿದು ಹೇಳುತ್ತಿದ್ದೇನೆ.

ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ 1983ರ ಎಮಿಗ್ರೇಶನ್ ಕಾಯ್ದೆಯಡಿ ನೋಂದಾಯಿಸಿರಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಹೆಸರು ಹಾಕಿ ನೋಡಬಹುದು. ಬೆಂಗಳೂರಿನ ನೋಂದಾಯಿತ ಕಂಪನಿಯ ಹೆಸರು ಹೇಳಿಕೊಂಡು ಊರಲ್ಲಿ ದುಡ್ಡು ಎತ್ತುವ ಸಬ್ ಏಜೆಂಟ್‌ಗೆ ಆ ಹಕ್ಕಿಲ್ಲ. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಕೇಳಿ. ಮೂರು ಲಕ್ಷ, ಐದು ಲಕ್ಷ ಎಂದರೆ ಅಲ್ಲಿಂದ ಎದ್ದು ಬನ್ನಿ. ಬ್ರಿಟನ್‌ನ ಸ್ಪಾನ್ಸರ್‌ಶಿಪ್ ಪತ್ರವನ್ನು ಮಾರುವುದೂ ಅಪರಾಧ. ಅಲ್ಲಿ ಯಾರಿಗೆ ಲೈಸೆನ್ಸ್ ಇದೆ ಎಂಬ ಪಟ್ಟಿ ಸರ್ಕಾರದ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇದೆ.

ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಳ್ಳಿ ಎನ್ನುವವರನ್ನು ದೂರ ಇಡಿ. 2024ರಲ್ಲಿ ಕಲಬುರಗಿ ಭಾಗದ ಯುವಕರು ಸೆಕ್ಯುರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧದ ನಡುವೆ ಸಿಕ್ಕಿಬಿದ್ದದ್ದು ಎಲ್ಲರಿಗೂ ನೆನಪಿರಬೇಕು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ಆಗಿರುತ್ತದೆ. ಅವರು ಕೊಲ್ಲಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. ನರ್ಸ್‌ಗಳಿಗೂ ಆ ದೇಶಗಳಿಗೆ ಪ್ರತ್ಯೇಕ ನಿಯಮ ಇದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಎರಡು ವರ್ಷಕ್ಕೆ 275 ರೂಪಾಯಿ, 10 ಲಕ್ಷದ ರಕ್ಷೆ. ಇದನ್ನು ಬಿಡಬೇಡಿ. ರಾಜ್ಯ ಸರ್ಕಾರದ ಕೌಶಲಾಭಿವೃದ್ಧಿ ಇಲಾಖೆಯಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ, ಏಜೆಂಟ್‌ಗಿಂತ ಮೊದಲು ಅಲ್ಲಿ ವಿಚಾರಿಸಿ.

ಆಫರ್ ಲೆಟರ್ ಬಂದಾಗ ಕುಟುಂಬದ ವೀಸಾ ಖರ್ಚು ಯಾರದು, ಕೆಲಸ ಬಿಟ್ಟರೆ ದುಡ್ಡು ವಾಪಸ್ ಕಟ್ಟಬೇಕಾ ಎಂಬ ಎರಡು ಸಾಲುಗಳನ್ನು ಹುಡುಕಿ. ಇಲ್ಲದಿದ್ದರೆ ಮೇಲ್ ಹಾಕಿ ಕೇಳಿ. ಕೇಳಿದರೆ ಕೆಲಸ ಹೋಗುತ್ತದೆ ಎಂಬ ಅಂಜಿಕೆ ಬೇಡ.

ಆರನೇ ಹೆಜ್ಜೆ: ಅರ್ಜಿ

ಆದಷ್ಟು ಇಬ್ಬರೂ ಒಟ್ಟಿಗೆ ಹಾಕಿ. ಜರ್ಮನಿಯ ದೀರ್ಘಾವಧಿ ವೀಸಾಕ್ಕೆ ವಯಸ್ಕರೊಬ್ಬರಿಗೆ 75 ಯೂರೋ. ಬೆರಳಿನ ಗುರುತು ಕೊಡಲು ಬೆಂಗಳೂರಿಗೆ ಹೋಗಲೇಬೇಕು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಸೇರುತ್ತೀರಿ. ಆದರೆ ರೈಲು ತಡವಾದೀತು, ಬೆಳಗಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ.

ಸುಳ್ಳು ಕಾಗದ ಒಂದೂ ಬೇಡ. ಅನುಭವ ಪತ್ರವನ್ನು ಒಂದು ವರ್ಷ ಹಿಗ್ಗಿಸಿ ಬರೆಸುವುದನ್ನು ನಮ್ಮಲ್ಲಿ ತಪ್ಪೆಂದೇ ಅಂದುಕೊಳ್ಳುವುದಿಲ್ಲ. ಕೆನಡಾದಲ್ಲಿ ಸಿಕ್ಕಿಬಿದ್ದರೆ 5 ವರ್ಷ ಬಾಗಿಲು ಮುಚ್ಚುತ್ತದೆ, ಬ್ರಿಟನ್‌ನಲ್ಲಿ 10 ವರ್ಷದವರೆಗೆ. ಹಿಂದೆ ಯಾವುದೇ ದೇಶ ವೀಸಾ ನಿರಾಕರಿಸಿದ್ದರೆ, ಕೇಳಿದ ಕಡೆ ಹಾಗೆಯೇ ಬರೆಯಿರಿ. ನಿರಾಕರಣೆ ಪಾಪವಲ್ಲ, ಮುಚ್ಚಿಟ್ಟದ್ದು ತೊಂದರೆ.

ಏಳನೇ ಹೆಜ್ಜೆ: ಇಳಿದ ಮೇಲೆ

ಜೊತೆಗೆ ಬಂದವರ ವೀಸಾ ಮೊದಲವರ ವೀಸಾಕ್ಕೆ ಕಟ್ಟಿದ ಹಗ್ಗದಂತೆ. ಅವರ ಕೆಲಸ ಹೋದರೆ ಇಬ್ಬರದೂ ಅಲುಗಾಡುತ್ತದೆ. ಅಮೆರಿಕದಲ್ಲಿ ಎಚ್-1ಬಿಯವರಿಗೆ ಹೊಸ ಕೆಲಸ ಹುಡುಕಲು 60 ದಿನ. ಬ್ರಿಟನ್‌ನಲ್ಲೂ ಸಾಮಾನ್ಯವಾಗಿ ವೀಸಾದ ಉಳಿದ ಅವಧಿಯನ್ನು 60 ದಿನಕ್ಕೆ ಇಳಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಹೊಸ ಸ್ಪಾನ್ಸರ್ ಹುಡುಕಲು 180 ದಿನದವರೆಗೆ ಇದೆ. ಬ್ಲೂ ಕಾರ್ಡ್‌ನವರು ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸಿದರೆ ವಲಸೆ ಕಚೇರಿಗೆ ತಿಳಿಸಬೇಕು. ಆರು ತಿಂಗಳ ಮನೆ ಖರ್ಚನ್ನು ಅಲ್ಲಿನ ಬ್ಯಾಂಕಿನಲ್ಲೇ ಮುಟ್ಟದೆ ಇಡಿ. ಊರಲ್ಲಿ ಸೈಟ್ ಕೊಳ್ಳುವುದು ಆಮೇಲಾಗಲಿ.

ಅದಕ್ಕೇ ಇಬ್ಬರೂ ತಮ್ಮ ತಮ್ಮ ಕಾಲ ಮೇಲೆ ಪರ್ಮಿಟ್ ಪಡೆಯುವುದು ಒಳ್ಳೆಯದು. ನಾನು ನರ್ಸ್ ಮಾನ್ಯತೆ ಪಡೆದ ಮೇಲೆ ನನ್ನ ಹೆಸರಲ್ಲೇ ಕೆಲಸದ ಪರ್ಮಿಟ್ ತೆಗೆದುಕೊಂಡೆ. ಒಮ್ಮೆ ಅವರ ಕಂಪನಿ ಜನರನ್ನು ತೆಗೆದಾಗ ನಾವು ನಿದ್ದೆ ಮಾಡಿದ್ದು ಅದರಿಂದಲೇ.

ಹೆಣ್ಣುಮಕ್ಕಳಿಗೆ ಒಂದು ಮಾತು. ನಿಮ್ಮ ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಲಿ. ನಿಮ್ಮ ಹೆಸರಲ್ಲಿ ಬ್ಯಾಂಕ್ ಖಾತೆ ಇರಲಿ. ಎಲ್ಲಾ ಕಾಗದದ ಸ್ಕ್ಯಾನ್ ತವರಿನವರ ಬಳಿ ಇರಲಿ. ಜರ್ಮನಿಯಲ್ಲಿ ದಂಪತಿಯಾಗಿ ಮೂರು ವರ್ಷ ಒಟ್ಟಿಗೆ ಇದ್ದ ಮೇಲೆ, ಬೇರೆಯಾದರೂ ಸಂಗಾತಿಗೆ ಸ್ವಂತ ವಾಸದ ಹಕ್ಕು ಸಿಗುತ್ತದೆ. ಮನೆಯಲ್ಲಿ ಹಿಂಸೆ ಇದ್ದರೆ ಆ ಮೂರು ವರ್ಷವನ್ನೂ ಕಾಯಬೇಕಿಲ್ಲ. ಯಾವ ದೇಶದಲ್ಲಾದರೂ ಭಾರತೀಯ ರಾಯಭಾರ ಕಚೇರಿಗೆ ವಿದೇಶಾಂಗ ಸಚಿವಾಲಯದ ಮದದ್ ತಾಣದ ಮೂಲಕ ದೂರು ಬರೆಯಬಹುದು.

ಎಂಟನೇ ಹೆಜ್ಜೆ: ಬಾಣಂತನ ಮತ್ತು ದಿನಗಳ ಲೆಕ್ಕ

ಇದನ್ನು ಯಾರೂ ಹೇಳುವುದಿಲ್ಲ, ಅಲ್ವಾ? ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಿಗೆ ಬಂದು, ಕೂಸು ಐದು ತಿಂಗಳಾಗುವವರೆಗೆ ಇದ್ದರೆ ಏಳೆಂಟು ತಿಂಗಳಾಯಿತು. ಜರ್ಮನಿಯ ಸಾಮಾನ್ಯ ವಾಸದ ಪರ್ಮಿಟ್ ಆರು ತಿಂಗಳು ಹೊರಗಿದ್ದರೆ ತಾನಾಗಿ ರದ್ದಾಗುತ್ತದೆ. ಬ್ಲೂ ಕಾರ್ಡ್‌ನವರಿಗೆ ಮತ್ತು ಅವರ ಕುಟುಂಬಕ್ಕೆ 12 ತಿಂಗಳು. ಬ್ರಿಟನ್‌ನಲ್ಲಿ ಕಾಯಂ ವಾಸದ ಲೆಕ್ಕಕ್ಕೆ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಜಾಸ್ತಿ ಹೊರಗಿರುವಂತಿಲ್ಲ. ಕೆನಡಾದ ಕಾಯಂ ವಾಸಿಗಳು ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಟಿಕೆಟ್ ತೆಗೆಯುವ ಮುಂಚೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿ. ಹೆಚ್ಚು ದಿನ ಬೇಕಾದರೆ ಹೊರಡುವ ಮುಂಚೆಯೇ ವಲಸೆ ಕಚೇರಿಗೆ ಬರೆದು ಕೇಳಿ. ಕೂಸಿಗೆ ಇಲ್ಲಿ ಪಾಸ್‌ಪೋರ್ಟ್, ಆಮೇಲೆ ವೀಸಾ, ಅದಕ್ಕೂ ವಾರಗಳು ಬೇಕು. ನಮ್ಮ ಮನೆಯಲ್ಲಿ ಇದನ್ನೆಲ್ಲ ಎಣಿಸಿ, ನಮ್ಮ ಅವ್ವನನ್ನೇ ಅಲ್ಲಿಗೆ ಕರೆಸಿಕೊಂಡೆವು. ಅವ್ವ ಬ್ಯಾಗಿನಲ್ಲಿ ಅಂಟಿನುಂಡೆ ಕಟ್ಟಿಕೊಂಡು ಬಂದಿದ್ದಳು.

ಊರಿನ ಲೆಕ್ಕ

ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ, ಖಾತೆಯಾಗಿ ಬದಲಿಸಬೇಕು. ಬ್ಯಾಂಕಿನವರು ಕೇಳಲಿಲ್ಲ ಎಂದು ಬಿಡಬೇಡಿ. ಹೊಲದ ವಿಷಯ ಇನ್ನೂ ಮುಖ್ಯ. ಅನಿವಾಸಿಯಾದ ಮೇಲೆ ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ. ಇದ್ದದ್ದನ್ನು ಇಟ್ಟುಕೊಳ್ಳಬಹುದು, ಹಿರಿಯರಿಂದ ಬಂದದ್ದನ್ನು ಪಡೆಯಬಹುದು. ಪಹಣಿಯಲ್ಲಿ ಹೆಸರು ಸೇರುವುದು ಬಾಕಿ ಇದ್ದರೆ ಹೊರಡುವ ಮುಂಚೆ ಮುಗಿಸಿ. ತಮ್ಮನಿಗೋ ಅಕ್ಕನಿಗೋ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಯಾವ ಕೆಲಸಕ್ಕೆ ಎಂದು ಬಿಡಿಸಿ ಬರೆಸಿ, ಮಾರುವ ಹಕ್ಕನ್ನು ಅದರಲ್ಲಿ ಸೇರಿಸಬೇಡಿ.

ಕೊನೆಗೆ ಪೌರತ್ವ. ಕಾಯಂ ವಾಸ ಬಂದರೂ ನೀವು ಭಾರತೀಯರೇ, ಪಾಸ್‌ಪೋರ್ಟ್ ಇದೇ. ಆ ದೇಶದ ಪೌರತ್ವ ತೆಗೆದುಕೊಂಡ ದಿನ ಭಾರತದ ಪೌರತ್ವ ಹೋಗುತ್ತದೆ, ಎರಡೂ ಇಟ್ಟುಕೊಳ್ಳಲು ನಮ್ಮ ಕಾನೂನಿನಲ್ಲಿ ಅವಕಾಶ ಇಲ್ಲ. ಆಮೇಲೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಮಾಡಿಸಿದರೆ ಬಂದು ಹೋಗಬಹುದು, ಇಲ್ಲೇ ಇರಬಹುದು, ಆದರೆ ಮತ ಹಾಕುವಂತಿಲ್ಲ. ಇದನ್ನು ಇಬ್ಬರೂ ಒಂದೇ ಸಲ ಮಾಡಬೇಕೆಂದಿಲ್ಲ. ನಮ್ಮಲ್ಲಿ ಅವರು ಅರ್ಜಿ ಹಾಕುವ ಯೋಚನೆಯಲ್ಲಿದ್ದಾರೆ. ನಾನು ಇನ್ನೂ ಹಾಕಿಲ್ಲ.